ಮದರಬಿಯ ಸಹಿ ಹಿಂದಕ್ಕೆ ಓಡಿಸಿದ ಬಸ್ಸು

ಸವದತ್ತಿ ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ಇಟ್ಟಿದ್ದ ಸತ್ಯಪ್ಪನಷ್ಟು ದಣಿದ ಮನುಷ್ಯ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಒಮ್ಮೆ ಆಕಳಿಸಿದರೆ ಆ ಆಕಳಿಕೆ ಬೈಲಹೊಂಗಲ ದಾಟಿ ಹೋಗಿ, ಕಿತ್ತೂರಿನ ಕಟ್ಟೆಯ ಮೇಲೆ ಕುಂತವರೂ ಬಾಯಿ ತೆರೆಯುತ್ತಿದ್ದರು. ಇದಕ್ಕೆ ಒಂದಿಷ್ಟೂ ಉಪ್ಪು-ಖಾರ ಹಚ್ಚಿಲ್ಲ. ಮೂವತ್ತು ವರ್ಷ ಕಚೇರಿ ಮುಂದೆ ಟೈಪ್ ಹೊಡೆದು ಬೆರಳು ಹೋಗಿದ್ದವು. ಈಗ ಕಂಪ್ಯೂಟರಿನ ಮುಂದೆ ಕಣ್ಣು, ಕುತ್ತಿಗೆ, ಸೊಂಟ ಸರದಿ ಹಚ್ಚಿ ನೋಯುತ್ತಿದ್ದವು.

ಅವತ್ತು ಮಧ್ಯಾಹ್ನ ತೊರಗಲ್ಲಿನ ಮದರಬಿ ಬಂದಳು. ಹನ್ನೊಂದು ಹೆಂಗಸರ ರೊಟ್ಟಿ ಸಂಘಕ್ಕೆ ಅವಳೇ ಅಧ್ಯಕ್ಷೆ. ಹಾಸ್ಟೆಲುಗಳಿಗೆ ವರ್ಷವಿಡೀ ಜೋಳದ ರೊಟ್ಟಿ ಕೊಡುವ ಟೆಂಡರಿನ ಅರ್ಜಿ ನಾಲ್ಕು ಗಂಟೆಯೊಳಗೆ ಆನ್‌ಲೈನಿನಲ್ಲಿ ಮುಟ್ಟಬೇಕಿತ್ತು. ತಪ್ಪಿದರೆ ಹನ್ನೊಂದು ಒಲೆಗೂ ಒಂದು ವರ್ಷ ರಜೆ.

ಪೆನ್‌ಡ್ರೈವಿನಂಥ ಡಿಜಿಟಲ್ ಸಹಿಯ ಕೀಲಿಯನ್ನು ಅವಳು ಎಲೆ-ಅಡಿಕೆಯ ಸಂಚಿಯಿಂದ ತೆಗೆದು ಸತ್ಯಪ್ಪನ ಲ್ಯಾಪ್‌ಟಾಪಿಗೆ ತಾನೇ ಚುಚ್ಚಿದಳು.

"ಕೀಲಿ ಇಲ್ಲೇ ಬಿಟ್ಟು ಹೋಗ್ರಿ ಅಕ್ಕಾರ. ಅದರ ಗುಪ್ತ ನಂಬರೂ ಹೇಳಿ ಹೋಗ್ರಿ. ಮಂದಿ ಎಲ್ಲಾ ಹಂಗ ಮಾಡ್ಯಾರ," ಎಂದು ಸತ್ಯಪ್ಪ ಗೋಡೆ ತೋರಿಸಿದ. ಅಲ್ಲಿ ಮೊಳೆಗೊಂದರಂತೆ ನಲವತ್ತು ಕೀಲಿಗಳು ಜೋತಾಡುತ್ತಿದ್ದವು.

"ಕೈ ಕೊಯ್ದು ಇಟ್ಟು ಹೋಗು ಅಂತೀಯಲ್ಲೋ ತಮ್ಮಾ! ಆ ಕಡೆ ತಿರುಗು," ಎಂದು ಗದರಿಸಿ, ಗುಪ್ತ ಸಂಖ್ಯೆ ಒತ್ತಿದಳು. ಸಹಿ ಬಿತ್ತು. ಕೀಲಿ ಸಂಚಿಗೆ ಹೋಯಿತು. ಅಪ್‌ಲೋಡ್ ಮಾಡುವುದನ್ನು ಅವನಿಗೆ ಬಿಟ್ಟು, ಅವಳು ರಾಮದುರ್ಗದ ಬಸ್ಸು ಹತ್ತಿದಳು.

ಸತ್ಯಪ್ಪ ಜೀವಮಾನದಲ್ಲಿ ಬೋಳು ನೆತ್ತಿಯ ಕಾಗದ ಕಳಿಸಿದವನಲ್ಲ. ಟೈಪ್‌ರೈಟರಿನ ಕಾಲದಿಂದಲೂ ಹಾಳೆಯ ತಲೆಯ ಮೇಲೆ ಗಿರಾಕಿಯ ದೇವರನ್ನು ಕೂಡಿಸಿಯೇ ಕೊಡುವವನು: ಕೆಲವರಿಗೆ ಶ್ರೀ, ಕೆಲವರಿಗೆ ಬಿಸ್ಮಿಲ್ಲಾದ ೭೮೬. ಮದರಬಿಯ ಸಂಘದಲ್ಲಿ ಕರೆವ್ವ, ಮುದಕವ್ವನಂಥವರೂ ಇದ್ದುದರಿಂದ ಎರಡನ್ನೂ ಕೂಡಿಸಿದ. ನಿದ್ದೆಗಣ್ಣಿನಲ್ಲಿ, ಸಹಿಯಾಗಿದ್ದ ಕಡತದಲ್ಲೇ ಅವನ್ನು ಸೇರಿಸಿ ಸೇವ್ ಮಾಡಿ, ಕಳಿಸುವ ಗುಂಡಿ ಒತ್ತಿದ.

'ಸಹಿ ಅಮಾನ್ಯ. ಸಹಿಯ ನಂತರ ಕಡತ ಬದಲಾಗಿದೆ,' ಎಂದು ಪರದೆ ಕೆಂಪಗಾಯಿತು.

ಸಿಟ್ಟು ಬರಬೇಕಿತ್ತು, ಸಿಟ್ಟಿಗೆ ಬೇಕಾಗುವಷ್ಟು ಶಕ್ತಿಯೂ ಅವನಲ್ಲಿರಲಿಲ್ಲ. ಕೈ ಗೋಡೆಯ ಕಡೆ ಹೋಯಿತು. ಗುತ್ತಿಗೆದಾರ ಬಾಳೇಶನ ಕೀಲಿ ಚುಚ್ಚಿದರೆ? ಚುಚ್ಚಿದರೆ ಅರ್ಜಿ ಬಾಳೇಶನ ಹೆಸರನ್ನೇ ಕೂಗಿ ಹೇಳುತ್ತದೆ. ಕೈ ಹಿಂದಕ್ಕೆ ಬಂತು. ಫೋನ್ ಹಚ್ಚಿದ.

"ಅಕ್ಕಾರ, ಬಸ್ ನಿಂದರಸ್ರಿ. ಕಂಪ್ಯೂಟರ್ ಏನೋ ಕಿತಾಪತಿ ಮಾಡೇತಿ."

ಲ್ಯಾಪ್‌ಟಾಪನ್ನು ಟವೆಲ್ಲಿನಿಂದ ಹೊಟ್ಟೆಗೆ ಕಟ್ಟಿಕೊಂಡು ಸ್ಕೂಟರ್ ಏರಿದ. ಎಂದೂ ಎಮ್ಮೆಯನ್ನೂ ಹಿಂದೆ ಹಾಕದ ಆ ಸ್ಕೂಟರು ಅವತ್ತು ಗಾಳಿಗೇ ಧೂಳು ಕುಡಿಸಿತು. ಹಾದಿಯ ಬದಿಗೆ ನಿಂತ ಬಸ್ಸನ್ನು ಅವನು ಮುಟ್ಟಿದಾಗ ಮೂರು ನಲವತ್ತು.

"ಏನ್ರೀ, ಬಸ್ಸಿನ್ಯಾಗ ಕಚೇರಿ ತೆಗಿಯಾಕ ಹತ್ತೀರೇನು?" ಎಂದ ಕಂಡಕ್ಟರ್ ಕಾಡಪ್ಪ.

"ನೀ ಸುಮ್ಮನಿರಪಾ. ನಾಳೆ ನಿನ್ನ ಮಗಳೂ ಹಾಸ್ಟೆಲ್ಲಿನಾಗ ಇದ ರೊಟ್ಟಿ ಉಣ್ಣಾಕಿ," ಎಂದಳು ಮದರಬಿ.

ಸತ್ಯಪ್ಪ ಸಹಿಯಿಲ್ಲದ ಹಳೆಯ ಪ್ರತಿ ತೆಗೆದ. ಅವಳು ಕೀಲಿ ಚುಚ್ಚಿ ಮತ್ತೊಮ್ಮೆ ಸಹಿ ಮಾಡಿದಳು. ಆದರೆ ನೆಟ್‌ವರ್ಕಿನ ಒಂದು ಕಡ್ಡಿಯೂ ಇಲ್ಲ.

"ಹಿಂದಿನ ದಿಬ್ಬದಾಗ ಸಿಗತೈತ್ರಿ," ಎಂದ ಡ್ರೈವರ್ ವಾಸೀಮ್, ಕನ್ನಡಿ ನೋಡುತ್ತ ಬಸ್ಸನ್ನು ಹಿಂದಕ್ಕೆ ಬಿಟ್ಟ. ಮುನ್ನೂರು ಮಂದಿ, ಹದಿನಾರು ಕೋಳಿ, ಒಂದು ಟ್ರ್ಯಾಕ್ಟರ್ ಗಾಲಿ ಹೊತ್ತ ಬಸ್ಸು ಹಿಮ್ಮುಖವಾಗಿ ದಿಬ್ಬ ಏರಿತು. "ಒಂದು ಕಡ್ಡಿ... ಎರಡು... ನಿಂದರಸ್ರೀ!" ಎಂದು ಇಡೀ ಬಸ್ಸು ಕೂಗಿತು.

ಕಡತ ಆಮೆಯಂತೆ ಏರತೊಡಗಿತು.

"ಖರೆ ಹೇಳು, ಕಂಪ್ಯೂಟರ್ ಏನ್ ಮಾಡಿತ್ತು?" ಮದರಬಿ ಕೇಳಿದಳು.

ಸುಳ್ಳು ಹೇಳಲೂ ಸತ್ಯಪ್ಪನಿಗೆ ದಣಿವು. "ಅದೇನೂ ಮಾಡಿಲ್ರಿ, ನಾನ ಮಾಡಿದ್ದು. ಸಹಿ ಆದ ಮ್ಯಾಲೆ ದೇವರ ಹೆಸರು ಹಾಕಿದ್ನಿ. ಈ ಸಹಿ ಇಡೀ ಕಾಗದ ಅರದು ಒಂದು ಅಂಕಿ ಮಾಡತೈತ್ರಿ. ಆ ಅಂಕಿಗೆ ನಿಮ್ಮ ಕೀಲಿ ಬೀಳತೈತಿ. ಆ ಕಡಿಯವರು ಮತ್ತ ಅರದು ನೋಡತಾರ. ಒಂದು ಚುಕ್ಕಿ ಹೆಚ್ಚಾದ್ರೂ ಅಂಕಿ ಕೂಡಂಗಿಲ್ಲ."

"ದೇವರನ್ನೂ ಬಿಟ್ಟುಕೊಳ್ಳಂಗಿಲ್ಲೇನು?"

"ಸಹಿಗಿಂತ ಮೊದಲ ಬಂದ್ರ ಬಿಟ್ಟುಕೋತೈತ್ರಿ."

ಮುಂದಿನ ಸೀಟಿನವರು ನಕ್ಕರು. ಮದರಬಿ ನಗಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ಮೂರು ಐವತ್ತೇಳಕ್ಕೆ ಅದು ಹಸಿರಾಯಿತು.

"ಹಂಗಾರ ಟೆಂಡರ್ ನಮಗಾತು?"

"ಇಲ್ರಿ. ಶುಕ್ರವಾರ ತಗದು ನೋಡತಾರ."

"ಮತ್ತ ಇಷ್ಟು ಬಡಕೊಂಡಿದ್ದು ಯಾತಕ್ಕೋ?"

"ಇದನ್ನ ಕಳಿಸಿದಾಕಿ ಮದರಬಿನ, ನಡುವ ಯಾರೂ ಕೈ ಹಚ್ಚಿಲ್ಲ. ಇಷ್ಟ ಹೇಳತೈತ್ರಿ ಇದು."

ಅವಳು ಕೀಲಿ ಕಿತ್ತು ಸಂಚಿಗೆ ಹಾಕಿಕೊಂಡಳು. "ಇಷ್ಟಾರ ಹೇಳಲಿ. ಉಳದದ್ದನ್ನ ರೊಟ್ಟಿ ಹೇಳತಾವ."

"ಇಳೀರಿನ್ನ," ಎಂದ ಕಾಡಪ್ಪ.

"ಇಳೀತೇನ್ರಿ, ಒಂದ ನಿಮಿಷ," ಎಂದ ಸತ್ಯಪ್ಪನ ತಲೆ ಆಗಲೇ ಕಿಟಕಿಗೆ ಒರಗಿತ್ತು. ನಿದ್ದೆ ಹೋದವನನ್ನು ಎಬ್ಬಿಸಲು ಕಾಡಪ್ಪ ಸೀಟಿ ಎತ್ತಿದ. ಅದು ಬಾಯಿ ಮುಟ್ಟುವ ಮೊದಲೇ ಮದರಬಿ ಕೈ ಅಡ್ಡ ಹಿಡಿದಳು.