ಲಾಸ್ಯಳ ನೂರಾ ಹನ್ನೆರಡು ನಕ್ಷತ್ರ

ಆ ಶನಿವಾರ ಬೆಳಗ್ಗೆ ರಂಜನಿ ಮಿಸ್ಸಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲಕ್ಷ್ಮೀಪುರಂನ ಶಿಶುವಿಹಾರದಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡುತ್ತಿದ್ದಳು. ಜೋಡಿಸಿಟ್ಟ ಕುರ್ಚಿಗಳನ್ನೇ ಮತ್ತೆ ಜೋಡಿಸಿದಳು. ಒರೆಸಿಟ್ಟ ಟ್ಯಾಬುಗಳನ್ನೇ ದುಪಟ್ಟಾದಿಂದ ಮತ್ತೆ ಒರೆಸಿದಳು.

"ಒಂದ್ಕಡೆ ಕೂತ್ಕೊಳ್ಳಿ ಮಿಸ್, ನಿಮ್ಮನ್ನ ನೋಡಿ ನಂಗೇ ತಲೆ ಸುತ್ತುತ್ತೆ," ಎಂದಳು ಆಯಾ ಸುಂದರಮ್ಮ. "ಅಪ್ಪ-ಅಮ್ಮ ಎಲ್ಲಾರೂ ನೋಡಕ್ಕೆ ಬರ್ತಿರೋದು ಮಕ್ಕಳ ಕೆಲಸಾನ. ನಿಮ್ಮನ್ನಲ್ಲ ಬುಡಿ."

ಅದೇ ತಾನೆ ಕಷ್ಟ! ಅವರು ನೋಡಲು ಬರುತ್ತಿದ್ದ ಮಕ್ಕಳ ಕೆಲಸವೆಲ್ಲ ರಂಜನಿಯ ಕೆಲಸವಾಗಿತ್ತು.

ಆದದ್ದು ಹೀಗೆ. ಜೂನ್ ತಿಂಗಳಲ್ಲಿ ಶಾಲೆಯ ಒಡತಿ ಪ್ರೇಮಲೀಲಾ ಮೇಡಂ ಆರು ಟ್ಯಾಬ್ ತರಿಸಿದರು. ಅದರಲ್ಲಿ ಎಣಿಕೆ ಕಲಿಸುವ ಒಂದು ಆಟ. ಮರದಲ್ಲಿ ಮಾವಿನಹಣ್ಣು ಎಷ್ಟಿವೆ ಎಂದು ಟ್ಯಾಬ್ ಕೇಳುತ್ತದೆ, ಮಗು ಸರಿಯಾದ ಅಂಕಿ ಮುಟ್ಟಿದರೆ ಟಿಂಗ್ ಎಂದು ಒಂದು ನಕ್ಷತ್ರ ಬೀಳುತ್ತದೆ. ಚೆನ್ನಾಗಿಯೇ ಇತ್ತು. ಯಾವ ಮಗುವಿಗೆ ಎಷ್ಟು ನಕ್ಷತ್ರ ಎಂಬ ಪಟ್ಟಿಯನ್ನು ದಿನಾ ಸಂಜೆ ಪೋಷಕರ ಗುಂಪಿಗೆ ಕಳಿಸಬೇಕೆಂದು ಮೇಡಂ ಹೇಳಿದರು ನೋಡಿ, ಅಲ್ಲಿಂದ ಗ್ರಹಚಾರ ಶುರುವಾಯಿತು. ನಮ್ಮ ಪುಟ್ಟನಿಗೆ ಎರಡೇನಾ, ಪಕ್ಕದ ಮನೆಯವನಿಗೆ ಆರು ಹೇಗೆ ಬಂತು ಎಂದು ರಾತ್ರಿಯೊಳಗೆ ಫೋನು. ಬೆಳಗಾದರೆ ಮೇಡಂ ಅದೇ ಮಾತು ತಂದು ರಂಜನಿಯ ತಲೆಗೆ ಕಟ್ಟುತ್ತಿದ್ದರು.

ಇಪ್ಪತ್ತನಾಲ್ಕು ಮಕ್ಕಳು, ಆರು ಟ್ಯಾಬು, ನಲವತ್ತು ನಿಮಿಷ. ಒಂದೊಂದು ಮಗುವಿನ ಪಾಲಿಗೆ ಹತ್ತೇ ನಿಮಿಷ. ನಾಲ್ಕು ವರ್ಷದ ಮಗುವಿಗೆ ಮೂಗು ಒರೆಸಿ, ಕೂರಿಸಿ, "ಟಾಯ್ಲೆಟ್ಟಿಗೆ ಹೋಗ್ಬೇಕು" ಎನ್ನುವುದನ್ನು ಕೇಳುವುದರೊಳಗೆ ಅರ್ಧ ಮುಗಿದಿರುತ್ತದೆ. ಹಾಗಾಗಿ ರಂಜನಿ ಒಂದು ದಾರಿ ಕಂಡುಕೊಂಡಳು. ತಾನು ಬರುವ ತನಕ ಯಾರೂ ಮುಟ್ಟಕೂಡದೆಂದು ಹೇಳಿ, ಒಬ್ಬೊಬ್ಬರ ಬಳಿ ಹೋಗಿ, ಎತ್ತಲೋ ಹೊರಟ ಪುಟ್ಟ ಬೆರಳನ್ನು ಹಿಡಿದು ಸರಿಯಾದ ಅಂಕಿಯ ಮೇಲೆ ತಂದಿಡುವುದು. ಟಿಂಗ್. ಮಗುವಿಗೂ ಖುಷಿ, ಮನೆಯವರಿಗೂ ಖುಷಿ, ಮೇಡಮ್ಮಿಗಂತೂ ಹೇಳತೀರದ ಖುಷಿ.

ಎಲ್ಲರಿಗಿಂತ ನಿಧಾನ ಎಂದರೆ ಲಾಸ್ಯ. ಅವಳು ಕಿಟಕಿಯಲ್ಲಿ ಕಂಡ ಇರುವೆಯನ್ನೂ ತಿರುತಿರುಗಿ ನೋಡುವ ಮಗು, ಶಾಲೆಗೆ ಸೇರಿ ಎರಡು ತಿಂಗಳು ತುಟಿಯೇ ಬಿಚ್ಚಿರಲಿಲ್ಲ. ಅವಳಿಗಾಗಿ ಕಾಯುವ ತಾಳ್ಮೆ ರಂಜನಿಗಿರಲಿಲ್ಲ, ಆದ್ದರಿಂದ ಅತಿ ಹೆಚ್ಚು ಸಲ ಹಿಡಿದದ್ದು ಅವಳ ಬೆರಳನ್ನೇ. ಮೂರು ತಿಂಗಳು ಮುಗಿಯುವಾಗ ನೂರಾ ಹನ್ನೆರಡು ನಕ್ಷತ್ರದೊಂದಿಗೆ ಲಾಸ್ಯ ಶಾಲೆಗೇ ಮೊದಲು! ಇವತ್ತು ಎಲ್ಲ ಪೋಷಕರ ಮುಂದೆ ಅವಳು ಒಬ್ಬಳೇ ಆಡಿ ತೋರಿಸಬೇಕು. ತೋರಿಸಲಾಗದೆ ನಿಂತರೆ? ನಾಲ್ಕು ಜನ ನಕ್ಕರೆ? ಈಗಷ್ಟೇ ಎರಡು ಮಾತಾಡತೊಡಗಿದ ಮಗು ಮತ್ತೆ ಬಾಯಿ ಹೊಲಿದುಕೊಂಡರೆ ಆ ಪಾಪ ಯಾರಿಗೆ?

ಹತ್ತು ಗಂಟೆಗೆ ಧೈರ್ಯ ಮಾಡಿ ಮೇಡಂ ಹತ್ತಿರ ಹೋದಳು. "ಮೇಡಂ, ಲಾಸ್ಯ ಬೇಡ. ಬೇರೆ ಯಾರನ್ನಾದ್ರೂ ಕೂರಿಸೋಣ."

"ಯಾಕಮ್ಮ? ಫಸ್ಟ್ ಬಂದಿರೋದು ಅವಳೇ ತಾನೆ? ಅವರಪ್ಪ ಅಂಗಡಿಗೆ ಬೀಗ ಹಾಕ್ಕೊಂಡು ಬಂದಿದಾರೆ."

"ಅದಲ್ಲ ಮೇಡಂ, ನಕ್ಷತ್ರದ ವಿಷಯ ಸ್ವಲ್ಪ..."

"ಆಮೇಲೆ ಹೇಳಮ್ಮ, ಬಂದೋರಿಗೆ ಕಾಫಿ ಕೊಡ್ಸು ಹೋಗು."

ರಂಜನಿ ಕಾಫಿ ಕೊಡಿಸಲು ಹೋದಳು. ಇಂಥ ಹೇಡಿಯನ್ನು ತಾನು ಇನ್ನೆಲ್ಲೂ ಕಂಡಿಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಹಾಲ್ ತುಂಬಿತು. ಟ್ಯಾಬಿನಲ್ಲಿ ಮೂಡಿದ್ದು ಗೋಡೆಯ ಟಿವಿಯಲ್ಲೂ ಕಾಣುವಂತೆ ಮಾಡಿದ್ದರು. ಎರಡು ಜಡೆ, ಹೊಸ ಲಂಗ, ಹಣೆಗೆ ವಿಭೂತಿ ಇಟ್ಟುಕೊಂಡ ಲಾಸ್ಯ ಚಾಪೆಯ ಮೇಲೆ ಬಂದು ಕೂತಳು. ಅವಳಪ್ಪ ನಾಗಾರ್ಜುನ ಮೊದಲ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ವಿಡಿಯೋ ಶುರುಮಾಡಿದ.

"ಮರದಲ್ಲಿ ಎಷ್ಟು ಮಾವಿನಹಣ್ಣು?" ಎಂದು ಟ್ಯಾಬ್ ಕೇಳಿತು. ಇದ್ದವು ಐದು.

ಲಾಸ್ಯ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ತೋರುಬೆರಳನ್ನು ನೀಟಾಗಿ ಮುಂದೆ ಚಾಚಿ, ಸುಮ್ಮನೆ ಕಾದಳು. ಯಾರೂ ಬಂದು ಹಿಡಿಯದಿದ್ದಾಗ ತಲೆ ತಿರುಗಿಸಿ ರಂಜನಿ ಎಲ್ಲಿ ಎಂದು ಹುಡುಕಿದಳು.

"ಒತ್ತು ಪುಟ್ಟಿ," ಎಂದ ನಾಗಾರ್ಜುನ. ಹಿಂದೆ ಯಾರೋ ಕಿಸಕ್ಕೆಂದರು. "ಒತ್ತೇ, ದಿನಾ ಮಾಡ್ತೀಯಲ್ಲ." ದನಿ ಗಡುಸಾಗಿತ್ತು. ಲಾಸ್ಯಳ ಕೆಳತುಟಿ ನಡುಗಿತು.

ಹೋಗು ಎಂದು ಮೇಡಂ ಕಣ್ಣಲ್ಲೇ ಸನ್ನೆ ಮಾಡಿದರು. ರಂಜನಿ ಹೋಗಿ ಪಕ್ಕದಲ್ಲಿ ಕೂತು ಆ ಬೆರಳನ್ನು ಹಿಡಿದಳು. ಒಂದು ಸಲ ಎಳೆದರೆ ಸಾಕು, ಟಿಂಗ್ ಎನ್ನುತ್ತದೆ, ಚಪ್ಪಾಳೆ ಬೀಳುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ಆ ಬೆರಳು ಅವಳ ಕೈಯಲ್ಲಿ ಬೆಂದ ಬೀನ್ಸಿನಂತೆ ಮೆತ್ತಗೆ ಬಿದ್ದಿತ್ತು. ಅದಕ್ಕೆ ಎಲ್ಲಿಗೂ ಹೋಗುವ ಮನಸ್ಸೇ ಇರಲಿಲ್ಲ. ಇದನ್ನು ಹೀಗೆ ಮಾಡಿದ್ದು ನಾನು ಎಂದು ರಂಜನಿಗೆ ಅಳು ಉಕ್ಕಿ ಬಂತು. ಬೆರಳನ್ನು ಬಿಟ್ಟುಬಿಟ್ಟಳು.

"ಸಾರ್, ಆ ನೂರಾ ಹನ್ನೆರಡೂ ನಂದು," ಎಂದಳು. "ಬೆರಳು ಇವಳದು, ಒತ್ತಿದ್ದು ನಾನು. ಎಲ್ಲಾ ಮಕ್ಕಳದೂ ಹೀಗೇನೆ."

ಮೇಡಂ ಮುಖ ಕಪ್ಪಿಟ್ಟಿತು. ನಾಗಾರ್ಜುನ ಫೋನ್ ಕೆಳಗಿಳಿಸಿದ.

"ಹಂಗಾದ್ರೆ ಮೂರು ತಿಂಗಳು ನನ್ನ ಮಗಳು ಕಲ್ತಿದ್ದೇನು ಮಿಸ್?"

"ಗೊತ್ತಿಲ್ಲ ಸಾರ್. ಅವಳಿಗೇನು ಬರುತ್ತೆ, ಏನು ಬರಲ್ಲ, ನಾನು ನೋಡೇ ಇಲ್ಲ."

"ರಂಜನಿ, ಸೋಮವಾರ ಆಫೀಸಿಗೆ ಬಾ," ಎಂದು ಮೇಡಂ ಹಲ್ಲು ಕಚ್ಚಿಕೊಂಡು ಹೇಳುತ್ತಿರುವಾಗಲೇ ಟಿವಿಯಿಂದ ಕಿಚಕಿಚ ಎಂಬ ಸದ್ದು ಬಂತು. ದೊಡ್ಡವರ ಮಾತಿನಿಂದ ಬೇಜಾರಾಗಿ ಲಾಸ್ಯ ತಾನೇ ಒತ್ತಿಬಿಟ್ಟಿದ್ದಳು. ಐದಲ್ಲ, ಎರಡು.

ಪರದೆಯ ಅಂಚಿನಿಂದ ಒಂದು ಕೋತಿ ಹಾರಿ ಬಂತು. ಊಹೂಂ ಎಂದು ತಲೆಯಾಡಿಸಿ ಮರ ಹತ್ತಿತು. ಒಂದು ಹಣ್ಣು ಕಿತ್ತು ಬುಟ್ಟಿಗೆ ಹಾಕಿ "ಒಂದು" ಎಂದಿತು. ಇನ್ನೊಂದು ಕಿತ್ತು "ಎರಡು" ಎಂದಿತು. ಮೂರನೆಯದಕ್ಕೆ ಲಾಸ್ಯಳೂ ಸಣ್ಣ ದನಿಯಲ್ಲಿ ಸೇರಿಕೊಂಡಳು. ಐದನೆಯದು ಬುಟ್ಟಿಗೆ ಬೀಳುವಾಗ ಅವಳ ದನಿ ಕೋತಿಯದಕ್ಕಿಂತ ಜೋರಾಗಿತ್ತು.

"ಅಪ್ಪಾ, ಇದ್ರೊಳಗೆ ಕೋತಿ ಇದೆ," ಎಂದಳು.

ರಂಜನಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಕಲಿಸುವುದೆಲ್ಲ ಆ ಕೋತಿಯೇ. ಅದು ಬರುವುದು ಮಗು ತಪ್ಪಿದಾಗ ಮಾತ್ರ. ಮೂರು ತಿಂಗಳಲ್ಲಿ ಇಪ್ಪತ್ತನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಅವಳು ಅದನ್ನು ನೋಡಗೊಟ್ಟಿರಲಿಲ್ಲ. ತಾನೂ ನೋಡಿದ್ದು ಇದೇ ಮೊದಲು.

ಅಮ್ಮನ ಮಡಿಲಿನಿಂದ ಜಾರಿಕೊಂಡು ಸಮನ್ವಿತಾ ಎಂಬ ಪೋರಿ ಚಾಪೆಗೆ ಓಡಿ ಬಂದಳು. "ನಂಗ್ಯಾಕೆ ಕೋತಿ ಬರಲ್ಲ ಮಿಸ್? ನಂಗೂ ಬೇಕು."

ರಂಜನಿಗಿಂತ ಮೊದಲು ಲಾಸ್ಯಳೇ ಟ್ಯಾಬನ್ನು ಸಮನ್ವಿತಾಳತ್ತ ಸರಿಸಿದಳು.

"ತಪ್ಪು ಒತ್ತು. ಬರುತ್ತೆ ಕಣೇ."