ಚೀಟಿ ಬಿದ್ದ ಕಡೆ

ನನ್ನ ಗಂಡನ ಅಣ್ಣನಿಗೆ ನಮ್ಮ ಮನೆಯಲ್ಲಿ ‘ಕಾಯಿದೆ’ ಎಂದು ಹೆಸರು. ಇಟ್ಟವರು ನನ್ನ ಗಂಡನೇ. ಭಾವ ಅತ್ತೆಗೆ ಫೋನ್ ಮಾಡಿದಾಗಲೆಲ್ಲ ಇವರು ಒಳಗಿನಿಂದ, “ಕಾಯಿದೆ ಏನಂತೆ? ನಾವು ಊಟ ಮಾಡಬಹುದಂತಾ?” ಎಂದು ಕೂಗುತ್ತಿದ್ದರು. ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು ಗದರುತ್ತಿದ್ದರು. ಆ ತಮಾಷೆಯ ಕೆಳಗೆ ಹಳೆಯ ಸಿಟ್ಟೊಂದಿತ್ತು. ಮಾವನ ಮಂಡಿ ಆಪರೇಷನ್ ಆಗಬೇಕಾಗಿದ್ದಾಗ ಭಾವ ತಮ್ಮದೇ ಆಸ್ಪತ್ರೆಯಲ್ಲಿ ಸ್ವಂತ ಅಪ್ಪನನ್ನು ಎಲ್ಲರ ಹಾಗೆ ಸರದಿಯಲ್ಲಿ ನಿಲ್ಲಿಸಿದ್ದರು. ಸರದಿ ಬರುವ ಮೊದಲೇ ಮಾವ ಬೇರೇನೋ ಕಾಯಿಲೆಯಾಗಿ ತೀರಿಕೊಂಡರು. ಅಂದಿನಿಂದ ಅಣ್ಣತಮ್ಮಂದಿರು ಮುಖ ಕೊಟ್ಟು ಮಾತಾಡಿದ್ದಿಲ್ಲ. ನಾನು ಗಂಡನ ಪಕ್ಷ. ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ.

ನನ್ನ ಗಂಡನದು ಬೀಗದ ಅಂಗಡಿ. ಒಂದು ದಿನ ಕೀಲಿಯ ಹಲ್ಲು ಉಜ್ಜುವಾಗ ಅರ ಜಾರಿ ಅಂಗೈ ಕೊಯ್ದಿತು. ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದರು. ಡಾಕ್ಟರ ಹತ್ತಿರ ಹೋಗಿ ಎಂದರೆ, “ನಮ್ಮ ಮನೇಲಿ ಒಬ್ಬ ಡಾಕ್ಟರ್ ಇರೋದೇ ಸಾಕಾಗಿದೆ” ಎಂದರು. ವಾರ ತುಂಬುವಷ್ಟರಲ್ಲಿ ಕೈ ಊದಿ, ಚಳಿಜ್ವರ ಹತ್ತಿ, ಮಾತು ತೊದಲತೊಡಗಿತು. ನಂಜು ರಕ್ತಕ್ಕೆ ಏರಿದೆ ಎಂದರು. ಮೊದಲು ಮೂತ್ರ ನಿಂತಿತು. ಆಮೇಲೆ ಉಸಿರಾಡಿಸಲು ಗಂಟಲಿಗೆ ಕೊಳವೆ ಬಂತು. ಆಮೇಲೆ ಕಣ್ಣು ಹಳದಿಯಾಯಿತು. ಸಂಜೆಯಾದಂತೆ ಅಂಗಡಿ ಬೀದಿಯಲ್ಲಿ ಒಂದೊಂದೇ ಬಾಗಿಲು ಎಳೆಯುತ್ತಾರಲ್ಲ, ಹಾಗೆ ಒಳಗಿನ ಅಂಗಗಳು ಒಂದೊಂದಾಗಿ ಕೆಲಸ ನಿಲ್ಲಿಸಿದವು. ಅಂಥ ರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆ ನಮ್ಮ ಊರಲ್ಲಿ ಒಂದೇ. ಅಲ್ಲಿನ ಐಸಿಯುವಿನ ಮುಖ್ಯಸ್ಥರು ನಮ್ಮ ಕಾಯಿದೆ.

ಭಾವ ತಮ್ಮನನ್ನು ನೋಡಿ ಹೊರಗೆ ಬಂದಾಗ ಅವರ ಮುಖದಲ್ಲಿ ಏನಾದರೂ ಇದೆಯೇ ಎಂದು ಹುಡುಕಿದೆ. ಏನೂ ಇರಲಿಲ್ಲ. ಇಸ್ತ್ರಿ ಮಾಡಿದ ಮುಖ.

ಅಲ್ಲಿ ಭಾವನ ನೇತೃತ್ವದಲ್ಲೇ ಒಂದು ಸಂಶೋಧನೆ ನಡೆಯುತ್ತಿತ್ತು. ನನಗೆ ಅದನ್ನು ವಿವರಿಸಿದ್ದು ಒಬ್ಬ ಚಿಕ್ಕ ಡಾಕ್ಟರಮ್ಮ. ಭಾವ ಬಾಗಿಲ ಬಳಿ ಗೋಡೆಗೆ ಆತು ನಿಂತಿದ್ದರು. ಸಂಬಂಧಿಯಾದ್ದರಿಂದ ಅವರೇ ಒಪ್ಪಿಗೆ ಕೇಳುವಂತಿಲ್ಲವಂತೆ. ಹಲವು ಅಂಗಗಳು ಒಟ್ಟಿಗೆ ಕೈಕೊಟ್ಟ ರೋಗಿಯ ರಕ್ತವನ್ನು ಹೊರಗೆ ತಂದು, ಸಣ್ಣ ಮಣಿಗಳು ತುಂಬಿದ ಕೊಳವೆಯಲ್ಲಿ ಹರಿಸಿ, ನಂಜನ್ನು ಹೀರಿಸಿ, ಮತ್ತೆ ಒಳಕ್ಕೆ ಬಿಡುವ ಯಂತ್ರವೊಂದಿದೆ. ಅದರಿಂದ ಜೀವ ಉಳಿಯುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಪ್ಪಿದವರಲ್ಲಿ ಅರ್ಧ ಜನಕ್ಕೆ ಯಂತ್ರ ಹಾಕುತ್ತಾರೆ, ಉಳಿದರ್ಧಕ್ಕೆ ಈಗಿರುವ ಚಿಕಿತ್ಸೆ ಮಾತ್ರ. ಕೊನೆಗೆ ಯಾವ ಕಡೆ ಎಷ್ಟು ಜನ ಬದುಕಿದರು ಎಂದು ಎಣಿಸುತ್ತಾರೆ.

“ಯಾರಿಗೆ ಯಾವುದು ಅಂತ ಯಾರು ಹೇಳ್ತಾರೆ?” ಎಂದೆ.

“ಯಾರೂ ಹೇಳಲ್ಲ. ಬೇರೆ ಊರಲ್ಲಿರೋ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಆರಿಸುತ್ತೆ. ನಾವು ಬದಲಾಯಿಸೋ ಹಾಗಿಲ್ಲ.”

ನಾನು ಬಾಗಿಲ ಕಡೆ ನೋಡಿದೆ. ಸ್ವಂತ ಅಣ್ಣ ಅಲ್ಲಿ ನಿಂತಿರುವಾಗ ಚೀಟಿ ತಪ್ಪಾದ ಕಡೆ ಬೀಳುವುದಾದರೂ ಹೇಗೆ ಎಂದುಕೊಂಡು ಒಪ್ಪಿ ಸಹಿ ಹಾಕಿದೆ.

ಚೀಟಿ ಬಿತ್ತು. ಯಂತ್ರ ಇಲ್ಲ.

ಅದೇ ದಿನ ಪಕ್ಕದ ಮಂಚದ ಮುದುಕರಿಗೂ ಚೀಟಿ ಎತ್ತಿದರು. ಅವರಿಗೆ ಯಂತ್ರ ಬಂತು. ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ವಯಸ್ಸು ನನ್ನ ಗಂಡನ ದುಪ್ಪಟ್ಟು. ಯಂತ್ರವನ್ನು ತಳ್ಳಿಕೊಂಡು ಹೋಗುವಾಗ ಅದರ ಒಂದು ಚಕ್ರ ಕಿರಗುಟ್ಟುತ್ತಿತ್ತು. ಅವರ ಮಗಳು ಹೊರಗೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು, “ನಮ್ಮಪ್ಪಂಗೆ ಸಿಕ್ತು” ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿದಳು. ಒಳ್ಳೆಯ ಹೆಂಗಸು, ನನಗೂ ಒಂದು ಬಾಳೆಹಣ್ಣು ಕೊಟ್ಟಳು. ಅವಳ ಅಪ್ಪ ಸಾಯಲಿ ಎಂದು ಬಯಸುತ್ತ ನಾನು ಆ ಹಣ್ಣು ತಿಂದೆ.

ಭಾವನನ್ನು ಲಿಫ್ಟಿನ ಎದುರು ಹಿಡಿದೆ. “ಏನು ಭಾವ, ಅಪ್ಪಂಗೆ ಸರದಿ, ತಮ್ಮಂಗೆ ಚೀಟಿ. ನಿಮ್ಮ ಹೆಂಡತಿ ಮಕ್ಕಳಿಗೆ ಏನಿಟ್ಟಿದ್ದೀರಿ?”

“ನೋಡಮ್ಮ, ಆ ಯಂತ್ರ ಒಳ್ಳೇದು ಅಂತ ಗೊತ್ತಿದ್ದಿದ್ರೆ ಸಂಶೋಧನೆನೇ ಬೇಕಾಗಿರ್ಲಿಲ್ಲ. ಎಲ್ಲರಿಗೂ ಹಾಕ್ತಿದ್ದೆ.”

“ಕೆಟ್ಟದ್ದು ಅಂತಲೂ ಗೊತ್ತಿಲ್ವಲ್ಲ. ಹಾಕಿ.”

“ಆಗಲ್ಲ.”

“ಇವರು ನಿಮ್ಮನ್ನ ಅಣಕಿಸ್ತಿದ್ರು ಅಂತ ತಾನೇ? ಈಗ ಸೇಡು ತೀರಿಸ್ಕೊಳ್ತಿದ್ದೀರಿ.”

ಅವರು ಲಿಫ್ಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದರು. ಲಿಫ್ಟಿನ ಬಾಗಿಲು ತೆರೆಯಿತು. ಒಳಗಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಅದು ಒಳ್ಳೆಯದೇ ಆಯಿತು. “ಇವರು ಐಸಿಯು ದೊಡ್ಡ ಡಾಕ್ಟರು. ಒಳಗೆ ಸಾಯ್ತಿರೋದು ಇವರ ಒಡಹುಟ್ಟಿದವರು. ನೋಡ್ಕೊಳ್ಳಿ” ಎಂದು ಅವರಿಗೆ ಪರಿಚಯ ಮಾಡಿಕೊಟ್ಟೆ. ಭಾವ ಮೆಟ್ಟಿಲು ಹಿಡಿದು ಹೋದರು.

ಆದರೆ ನನ್ನ ಬಾಯಿಗೆ ಬಗ್ಗುವ ಆಸಾಮಿಯಲ್ಲ ಅವರು. ಬಗ್ಗಿಸಿದ್ದು ಅತ್ತೆ.

ಅತ್ತೆ ಬೈಯಲಿಲ್ಲ, ಅಳಲಿಲ್ಲ. ಕಾಯುವವರ ಹಾಲ್‌ನಲ್ಲಿ ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತುಬಿಟ್ಟರು. ಭಾವ ತಮ್ಮ ಕೋಣೆಗೆ ಬಾ ಎಂದು ಕರೆದರೆ ಏಳಲಿಲ್ಲ. ಊಟ ತರಿಸಿದರೆ ಮುಟ್ಟಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು ಚಾಚಿದರೆ, ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಕಿಟಕಿಯಾಚೆ ನೋಡಿದರು. ಅವರಿಗೆ ಸಕ್ಕರೆ ಕಾಯಿಲೆ, ಹಾಗೆಲ್ಲ ಉಪವಾಸ ಕೂರುವಂತಿಲ್ಲ. ಅದು ಭಾವನಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಬಸ್ಸಿನವರ ಮಗಳು, “ನಿಮಗೆ ಎಷ್ಟು ಮಕ್ಕಳಮ್ಮ?” ಎಂದು ಕೇಳಿದಳು. ಭಾವ ಅಲ್ಲೇ ಬಾಟಲಿ ಹಿಡಿದು ನಿಂತಿದ್ದರು.

“ಒಬ್ಬನೇ” ಎಂದರು ಅತ್ತೆ. “ಒಳಗೆ ಮಲಗಿದ್ದಾನೆ.”

ಆ ಹೊತ್ತು ಭಾವನ ಮುಖದ ಇಸ್ತ್ರಿ ಮುದುರಿದ್ದನ್ನು ನಾನು ಕಂಡೆ. ಹೊಟ್ಟೆ ತಣ್ಣಗಾಯಿತು.

ಸಂಜೆ ಐಸಿಯುವಿಗೆ ನಮ್ಮನ್ನು ಬಿಟ್ಟಾಗ ನನ್ನ ಗಂಡನ ಮಂಚದ ಪಕ್ಕ ಯಂತ್ರವಿತ್ತು. ಕಿರಗುಟ್ಟುವುದಲ್ಲ, ಇನ್ನೊಂದು. ಸಂಶೋಧನೆಯ ಲೆಕ್ಕದಿಂದ ಹೊರಗೆ, ತಮ್ಮ ಸ್ವಂತ ಹೊಣೆಯಲ್ಲಿ ಭಾವ ತರಿಸಿದ್ದರು. ನರ್ಸಿನ ಕೈಯಲ್ಲಿ ಮಾಡಿಸದೆ ತಾವೇ ಜೋಡಿಸಿದ್ದರು. ರಕ್ತ ಕೆಂಪು ದಾರದ ಹಾಗೆ ಕೊಳವೆಯೊಳಗೆ ಹೋಗಿ ಬರುತ್ತಿತ್ತು. ಚಿಕ್ಕ ಡಾಕ್ಟರಮ್ಮ ದೂರದಲ್ಲಿ ನಿಂತು ನೋಡುತ್ತಿದ್ದಳು. ಭಾವ ಅವಳ ಕಡೆ ತಿರುಗಿ, “ಇದು ನನ್ನದು. ನೀನು ಇದರೊಳಗೆ ಬರಬೇಡ” ಎಂದರು. ಕದ್ದ ಮಾಲು ಬಚ್ಚಿಡುವವನ ಅವಸರ ಅವರ ಕೈಯಲ್ಲಿತ್ತು. ನಾನು ಧನ್ಯವಾದ ಹೇಳಲಿಲ್ಲ. ಮೊದಲೇ ಮಾಡಬೇಕಾಗಿದ್ದ ಕೆಲಸ.

ಮರುದಿನ ಬೆಳಿಗ್ಗೆ ರಕ್ತದೊತ್ತಡ ಸುಧಾರಿಸಿತ್ತು. ಒತ್ತಡ ಎತ್ತಲು ಕೊಡುತ್ತಿದ್ದ ಔಷಧವನ್ನು ಇಳಿಸಿದರು. ನಾನು ಕರೆದಾಗ ಇವರ ರೆಪ್ಪೆ ಅಲುಗಿತು. ಹೊರಗೆ ಬಂದು ಅತ್ತೆಗೆ ಹೇಳಿದೆ. ಬಸ್ಸಿನವರ ಮಗಳಿಗೂ ಕೇಳಿಸುವ ಹಾಗೆ ಹೇಳಿದೆ. ಅತ್ತೆ ನನ್ನ ಕೈಯಿಂದ ಎರಡು ತುತ್ತು ತಿಂದರು, ಭಾವ ಚಾಚಿದ ಬಾಟಲಿಯನ್ನು ಮಾತ್ರ ಮುಟ್ಟಲಿಲ್ಲ. ಆ ಒಂದು ದಿನ ನಾನು ಗೆದ್ದಿದ್ದೆ. ಕಾಯಿದೆ ಮುರಿದಿತ್ತು, ಗಂಡ ಉಳಿದಿದ್ದ. ಇವರು ಎದ್ದ ಮೇಲೆ ಈ ಕತೆಯನ್ನು ಹೇಗೆ ಹೇಳಬೇಕು, ಲಿಫ್ಟಿನ ಪ್ರಸಂಗವನ್ನು ಹೇಗೆ ಅಭಿನಯಿಸಬೇಕು ಎಂದೆಲ್ಲ ಮನಸ್ಸಿನಲ್ಲೇ ತಯಾರಿ ಮಾಡಿಕೊಂಡೆ. ಅವರು ನಗುವುದು ನನಗೆ ಆಗಲೇ ಕೇಳಿಸುತ್ತಿತ್ತು.

ಅದರ ಮರುದಿನ ಜ್ವರ ಮತ್ತೆ ಏರಿತು. ಇಳಿಸಿದ್ದ ಔಷಧವನ್ನು ಮತ್ತೆ ಏರಿಸಿದರು, ಇನ್ನೊಂದನ್ನು ಸೇರಿಸಿದರು. ಕೈಬೆರಳುಗಳು ನೀಲಿಯಾದವು. ಚಿಕ್ಕ ಡಾಕ್ಟರಮ್ಮ ಔಷಧದ ಪಟ್ಟಿ ಹಿಡಿದು ಭಾವನ ಬಳಿ ಓಡಿ ಹೋಗಿ ಏನೋ ಕೇಳಿದಳು. ಭಾವ ಪಟ್ಟಿಯನ್ನು ನೋಡಿದರು. ಆಮೇಲೆ ಬಹಳ ಹೊತ್ತು ಮಂಚದ ಕಂಬಿ ಹಿಡಿದು ನಿಂತಿದ್ದರು. ಗಾಜಿನ ಈಚೆಯಿಂದ ನನಗೆ ಅಷ್ಟೇ ಕಂಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಗಂಡ ಹೋದರು.

ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದು ಕೂರಿಸಿದರು. ಒಂದು ಮೇಜು, ಮೂರು ಕುರ್ಚಿ, ಒರೆಸಿಕೊಳ್ಳಲು ಕಾಗದದ ಡಬ್ಬಿ. ಅಳುವವರಿಗೆಂದೇ ಮಾಡಿದ ಕೋಣೆ. ಭಾವ ಬಾಗಿಲು ಹಾಕಿ ಎದುರು ಕೂತರು.

“ಆ ಮಣಿಗಳು ನಂಜನ್ನಷ್ಟೇ ಹೀರಲ್ಲ” ಎಂದರು. “ನಂಜಿಗೆ ಕೊಡೋ ಔಷಧವನ್ನೂ ಹೀರ್ತವೆ. ಯಂತ್ರ ಹಾಕಿದವರಿಗೆ ಔಷಧ ಜಾಸ್ತಿ ಮಾಡ್ಬೇಕು. ಆ ನಿಯಮ ಮಾಡಿದ್ದು ನಾನೇ. ಚೀಟಿಯಲ್ಲಿ ಯಂತ್ರ ಬಂದ್ರೆ ಕಂಪ್ಯೂಟರೇ ಔಷಧ ವಿಭಾಗಕ್ಕೆ ತಿಳಿಸುತ್ತೆ, ಅವರು ಜಾಸ್ತಿ ಮಾಡಿ ಕಳಿಸ್ತಾರೆ. ಪಕ್ಕದ ಮಂಚಕ್ಕೆ ಹಾಗೆ ಹೋಯ್ತು. ಇವನಿಗೆ ಚೀಟಿಯಲ್ಲಿ ಯಂತ್ರ ಬಂದಿರ್ಲಿಲ್ಲ. ಯಂತ್ರ ಹಾಕಿದ್ದು ನಾನು. ನಾನೇ ಹೇಳ್ಬೇಕಿತ್ತು. ಮರೆತೆ.”

ಅತ್ತೆಗೆ ಅರ್ಥವಾಯಿತೋ ಇಲ್ಲವೋ ಎಂದು ಅವರು ಮತ್ತೆ ಬಿಡಿಸಿ ಹೇಳಹೋದರು. ಅತ್ತೆ ಕೈ ಎತ್ತಿ ತಡೆದರು. ಅವರಿಗೆ ಅರ್ಥವಾಗಿತ್ತು.

“ಒಂದೂವರೆ ದಿನ ಔಷಧ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರ್ತಿತ್ತು, ಅಲ್ವಾ?” ಎಂದೆ ನಾನು.

“ಬಹುಪಾಲು.”

“ಎಲ್ಲರಿಗೂ ಒಂದೊಂದು ನಿಯಮ ಹೇಳ್ಕೊಂಡು ತಿರುಗ್ತೀರಿ. ಇದೊಂದು ನೆನಪಾಗ್ಲಿಲ್ವಾ?”

“ಕದ್ದು ಮಾಡೋ ಅಭ್ಯಾಸ ಇಲ್ಲಮ್ಮ ನಂಗೆ” ಎಂದರು. “ಬೇರೆಯವರಿಗೆ ಗೊತ್ತಾಗ್ಬಾರ್ದು ಅನ್ನೋದೊಂದೇ ತಲೇಲಿತ್ತು.”

ಅತ್ತೆ ಮೊದಲ ಬಾರಿ ಮಗನ ಮುಖ ನೋಡಿದರು. “ಆ ಯಂತ್ರ ಹಾಕದೇ ಇದ್ದಿದ್ರೆ ಬದುಕ್ತಿದ್ನಾ?”

“ಗೊತ್ತಿಲ್ಲಮ್ಮ” ಎಂದರು ಭಾವ. “ಅದನ್ನ ತಿಳ್ಕೊಳ್ಳೋಕೆ ಅಂತಲೇ ಸಂಶೋಧನೆ ಮಾಡ್ತಿದ್ದದ್ದು.”

ಅವರು ಸುಳ್ಳು ಹೇಳಬಹುದಿತ್ತು. ರೋಗ ಕೈಮೀರಿತ್ತು ಎಂದಿದ್ದರೆ ನಾವು ನಂಬುತ್ತಿದ್ದೆವು. ಯಂತ್ರವನ್ನೂ ಹಾಕಿಸಿದೆವು, ಮಾಡಬೇಕಾದ್ದೆಲ್ಲ ಮಾಡಿದೆವು ಎಂದು ನಾನು ಜೀವನಪೂರ್ತಿ ಹೇಳಿಕೊಂಡು ಇರುತ್ತಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಇದನ್ನೆಲ್ಲ ನಮಗ್ಯಾಕೆ ಹೇಳ್ತಿದ್ದೀರಿ? ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ವಾ? ನೀವು ಹೇಳಿ ಹಗುರ ಆದ್ರಿ. ಈಗ ನಾನು ಇದನ್ನ ಎಲ್ಲಿ ಇಟ್ಕೊಳ್ಳಲಿ?”

“ಹೇಳ್ಬೇಕು” ಎಂದರು. “ಮೇಲಿನವರಿಗೂ ಹೇಳಿದ್ದೀನಿ. ವಿಚಾರಣೆ ಆಗುತ್ತೆ.”

“ಓ, ಅದಕ್ಕೂ ಒಂದು ನಿಯಮ ಇದ್ಯಾ?”

“ಇದೆ.”

“ಹಾಗಾದ್ರೆ ಇನ್ನೂ ಒಂದು ಹೇಳಿ. ನಿಮ್ಮ ಸಂಶೋಧನೇಲಿ ಇವರನ್ನ ಯಾವ ಕಡೆ ಎಣಿಸ್ತೀರಿ?”

“ಯಂತ್ರ ಇಲ್ಲದವರ ಕಡೆ.”

“ಯಂತ್ರ ಹಾಕಿ ತಾನೇ ಸತ್ತಿದ್ದು?”

“ಏನಾಯ್ತು ಅಂತ ಬರೀತಾರೆ. ಆದ್ರೆ ಎಣಿಸೋದು ಚೀಟಿ ಬಿದ್ದ ಕಡೇನೇ. ಇಲ್ದಿದ್ರೆ ನನ್ನಂಥವರು ತಮಗೆ ಬೇಕಾದವರನ್ನ ಅತ್ತಿಂದಿತ್ತ ಮಾಡಿ ಲೆಕ್ಕ ಕೆಡಿಸ್ತಾರೆ.”

ಹೀಗೆ ನನ್ನ ಗಂಡನ ಸಾವು, ಯಂತ್ರವಿಲ್ಲದೆ ಸತ್ತವರ ಲೆಕ್ಕಕ್ಕೆ ಸೇರಿ, ಆ ಯಂತ್ರದ ಪರವಾಗಿ ಒಂದು ಅಂಕಿಯಾಯಿತು. ಬೀಗ ತೆಗೆಯುವವರಾಗಿದ್ದರೂ ಅಣ್ಣನ ಕಾಯಿದೆಯೊಳಗೆ ಸಿಕ್ಕಿಬಿದ್ದರು ಎಂದು ಅವರೇ ಆಗಿದ್ದರೆ ತಮಾಷೆ ಮಾಡುತ್ತಿದ್ದರು. ಮಾಡಲು ಅವರಿರಲಿಲ್ಲ. ನಾನು ಮೇಜಿನ ಮೇಲಿದ್ದ ಕಾಗದದ ಡಬ್ಬಿಯನ್ನು ಎತ್ತಿ ಭಾವನ ಮುಖಕ್ಕೆ ಎಸೆದೆ. ಹಣೆಗೆ ತಗುಲಿ ಕೆಳಗೆ ಬಿತ್ತು. ಅವರು ಬಗ್ಗಿ ಅದನ್ನು ಎತ್ತಿ, ಮೊದಲಿದ್ದ ಜಾಗದಲ್ಲೇ ಇಟ್ಟರು.

ಅತ್ತೆ ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು. ಭಾವ ತಮ್ಮ ಬಾಟಲಿಯ ಮುಚ್ಚಳ ತೆಗೆದು ಚಾಚಿದರು. ಅತ್ತೆ ಆ ಬಾಟಲಿಯನ್ನು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಕತ್ತು ಎತ್ತಿ ಕುಡಿದರು. ನೀರು ಸೆರಗಿನ ಮೇಲೆಲ್ಲ ಚೆಲ್ಲಿತು. “ಇನ್ನು ನೀನೊಬ್ಬನೇ ಅಲ್ವೇನೋ” ಎಂದು ಮಗನ ಮೊಣಕೈ ಹಿಡಿದುಕೊಂಡರು. ಭಾವ ಆಗ ಅತ್ತರು. ಅಲ್ಲಿಯತನಕ ಅಳದವರು, ಅಮ್ಮನ ಭುಜಕ್ಕೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತರು.

ಮಿಕ್ಕ ನೀರನ್ನು ಅತ್ತೆ ನನ್ನ ಕಡೆ ಚಾಚಿದರು. ನನ್ನ ಬಾಯಿ ಒಣಗಿತ್ತು. ಬೇಡ ಎಂದೆ.

ಹಾಲ್‌ನಲ್ಲಿ ಬಸ್ಸಿನವರ ಮಗಳು ಚೀಲ ಕಟ್ಟುತ್ತಿದ್ದಳು. ಅಪ್ಪನನ್ನು ವಾರ್ಡಿಗೆ ಕಳಿಸುತ್ತಾರಂತೆ. ನನ್ನನ್ನು ನೋಡಿ ಅವಳ ಕೈ ನಿಂತಿತು. ನಾನು ನಿಲ್ಲದೆ ಮೆಟ್ಟಿಲು ಇಳಿದೆ. ಯಂತ್ರ ಹಾಕಿ ಎಂದು ಗಂಟುಬಿದ್ದವಳು ನಾನು, ಹಾಕಿದವರು ಭಾವ. ಇಬ್ಬರಲ್ಲಿ ಒಬ್ಬರನ್ನು ದ್ವೇಷಿಸದೆ ಆ ದಿನ ನನಗೆ ಮನೆಯ ಬೀಗ ತೆಗೆದು ಒಳಗೆ ಹೋಗಲು ಆಗುತ್ತಿರಲಿಲ್ಲ. ಅವರನ್ನೇ ಆರಿಸಿಕೊಂಡೆ. ಅದಕ್ಕೆ ಚೀಟಿ ಎತ್ತಬೇಕಾಗಲಿಲ್ಲ.