ಎರಡನೇ ಬಡಿತ

ಸ್ವಿಚ್ ಹಾಕಿದ ಮೇಲೆ ಅವನಿಗೆ ಅನುಮಾನ ಬಂತು. ಬಡಿದದ್ದು ಒಂದು ಸಲವೋ, ಎರಡು ಸಲವೋ?

ಅಷ್ಟರಲ್ಲಿ ಮೋಟಾರು ಗುಂಯ್‌ಗುಟ್ಟಿ ಉಕ್ಕಿನ ಹಗ್ಗಗಳು ಓಡತೊಡಗಿದ್ದವು. ಮೇಲಿನ ಯಾವುದೋ ಮಹಡಿಯಲ್ಲಿ ಯಾರೋ ಅವಸರದವರು ಗುಂಡಿ ಒತ್ತಿ ನಿಂತಿದ್ದಿರಬೇಕು. ಅವನು ಧಡಕ್ಕನೆ ಸ್ವಿಚ್ ಆರಿಸಿದ. ಹಗ್ಗಗಳು ನಿಂತವು. ಕಟ್ಟಡದ ನೆತ್ತಿಯ ಮೇಲಿನ ಆ ಯಂತ್ರದ ಕೋಣೆಯಲ್ಲಿ ಅವನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಲಿಫ್ಟ್ ರಿಪೇರಿಯಲ್ಲಿ ಅವನೂ ಬಾಮೈದನೂ ಜೋಡಿ. ಒಬ್ಬ ಮೇಲೆ ಸ್ವಿಚ್ಚಿನ ಹತ್ತಿರ ಇರುತ್ತಾನೆ, ಇನ್ನೊಬ್ಬ ಕೆಳಗೆ ಲಿಫ್ಟಿನ ತಲೆಯ ಮೇಲೆ ನಿಂತು ಕಂಬಿಗಳಿಗೆ ಗ್ರೀಸ್ ಹಚ್ಚುತ್ತಾನೆ. ಬಾವಿಯಂಥ ಆ ಗೂಡಿನಲ್ಲಿ ಫೋನ್ ಸಿಗುವುದಿಲ್ಲ, ಕೂಗಿದರೆ ಮಾತು ಕಲಸಿಹೋಗುತ್ತದೆ. ಅದಕ್ಕೆಂದು ಅವರದೇ ಒಂದು ಒಪ್ಪಂದವಿತ್ತು. ಸ್ಪ್ಯಾನರಿನಿಂದ ಕಂಬಿಗೆ ಒಂದು ಸಲ ಬಡಿದರೆ ಇನ್ನೂ ಇಲ್ಲೇ ಇದ್ದೇನೆ ಎಂದು. ಎರಡು ಸಲ ಬಡಿದರೆ ಹೊರಗೆ ಬಂದೆ, ಕರೆಂಟ್ ಕೊಡಿ ಎಂದು. ಕಂಪನಿ ಕೊಟ್ಟಿದ್ದ ವಾಕಿಟಾಕಿ ಕೆಟ್ಟು ಎಷ್ಟೋ ಕಾಲವಾಗಿತ್ತು. ಬಡಿತ ಮಾತ್ರ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಇವತ್ತು ಬಾಮೈದ ಕೆಳಗಿಳಿದ ಸ್ವಲ್ಪ ಹೊತ್ತಿಗೆ ಪತ್ರಿಕೆಯ ಸಂಪಾದಕರ ಉತ್ತರ ಫೋನಿಗೆ ಬಂದಿತ್ತು. ಅವನಿಗೆ ದೆವ್ವದ ಕಥೆ ಬರೆಯುವ ಹುಚ್ಚು. ಕಳಿಸಿದ್ದೆಲ್ಲ ಹೋದ ದಾರಿಯಲ್ಲೇ ವಾಪಸ್ ಬರುತ್ತಿತ್ತು. ಆದರೆ ಈ ಸಲ ಸ್ಮಶಾನ, ಹಾಳು ಬಂಗಲೆಗಳನ್ನೆಲ್ಲ ಬಿಟ್ಟು ತನ್ನ ಕಸುಬನ್ನೇ ಬರೆದಿದ್ದ. ಲಿಫ್ಟಿನ ಗೂಡಿನಲ್ಲಿ ಸತ್ತ ಕೆಲಸಗಾರನೊಬ್ಬ, ಬದುಕಿರುವವನು ಒಂದು ಸಲ ಬಡಿದಾಗ ತನ್ನದೂ ಒಂದು ಸೇರಿಸುತ್ತಾನೆ. ಮೇಲಿರುವವನಿಗೆ ಎರಡು ಕೇಳಿಸುತ್ತದೆ. ಇದು ಖಂಡಿತ ಅಚ್ಚಾಗುತ್ತದೆ ಎಂದು ನಂಬಿದ್ದ. ಸಂಪಾದಕರು ಬರೆದದ್ದು ಇಷ್ಟೇ: "ಭಾಷೆ ಸರಾಗವಾಗಿದೆ. ಆದರೆ ಕಬ್ಬಿಣ ಬಡಿದ ಸದ್ದಿಗೆ ಯಾರು ಹೆದರುತ್ತಾರೆ?"

ಮೈಯೆಲ್ಲ ಉರಿದುಹೋಯಿತು. ಅವರಿಗೆ ತಕ್ಕ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸುತ್ತ ಕೂತಿದ್ದಾಗ ಕೆಳಗಿನಿಂದ ಠಣ್ ಎಂದಿತು. ಇನ್ನೊಂದು ಠಣ್ ಕಂಬಿಯದೋ, ಅವನ ತಲೆಯೊಳಗಿನದೋ. ಕೈ ತಾನಾಗಿ ಸ್ವಿಚ್ಚಿಗೆ ಹೋಗಿತ್ತು.

ಹಗ್ಗ ಇಳಿಯುವ ಕಿಂಡಿಗೆ ಬಾಯಿಟ್ಟು ಕೂಗಿದ. "ಏ ಮರಿ... ಮರಿ, ಇದ್ದೀಯೇನೋ?"

ಉತ್ತರವಿಲ್ಲ. ಅವನು ಹೆದರಿದ. ಹೆದರಿದವನ ಕೂದಲು ನಿಮಿರುತ್ತದೆ, ಬೆನ್ನಿನಲ್ಲಿ ಚಳಿ ಹರಿಯುತ್ತದೆ ಎಂದು ಎಷ್ಟು ಕಥೆಗಳಲ್ಲಿ ಬರೆದಿದ್ದನೋ, ಅಂಥದ್ದೇನೂ ಆಗಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು, ಅಷ್ಟೇ. ಹೆಂಡತಿಗೆ ಇರುವವನು ಒಬ್ಬನೇ ತಮ್ಮ. ಅವಳು ಬೇಡ ಬೇಡವೆಂದರೂ ಅವನನ್ನು ಈ ಕೆಲಸಕ್ಕೆ ಸೇರಿಸಿದವನು ತಾನು. ಮನೆಗೆ ಹೋಗಿ ಯಾವ ಬಾಯಲ್ಲಿ ಹೇಳುವುದು?

ಮೆಟ್ಟಿಲುಗಳನ್ನು ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಬೀಗದ ಕೈ ಸಿಕ್ಕಿಸಿ ಲಿಫ್ಟಿನ ಬಾಗಿಲು ಸರಿಸಿ ಟಾರ್ಚ್ ಬಿಟ್ಟ. ಬಾಮೈದ ಲಿಫ್ಟಿನ ತಲೆಯ ಮೇಲೆ ಬೋರಲು ಬಿದ್ದುಕೊಂಡಿದ್ದ. ಅವನ ನೆತ್ತಿಗಿಂತ ಒಂದು ಗೇಣು ಮೇಲೆ ಕಬ್ಬಿಣದ ತೊಲೆ. ಕಣ್ಣುಗಳು ತೆರೆದಿದ್ದವು.

"ಪೆಟ್ಟಾಯ್ತಾ?"

ಬಾಮೈದ ಇಲ್ಲವೆಂದು ತಲೆಯಾಡಿಸಿದ. "ಭಾವ, ನಾನು ಒಂದೇ ಸಲ ಬಡಿದಿದ್ದು."

"ನಂಗೆ ಎರಡು ಕೇಳಿಸ್ತು."

"ಒಂದೇ."

ಕೈಹಿಡಿದು ಹೊರಗೆಳೆದುಕೊಂಡ ಮೇಲೆ ಇಬ್ಬರೂ ಗೋಡೆಗೆ ಒರಗಿ ಕೂತರು. ಹಿಡಿದ ಕೈಯನ್ನು ಇಬ್ಬರೂ ಬಿಟ್ಟಿರಲಿಲ್ಲ. "ಅಕ್ಕಂಗೆ ಹೇಳೋದು ಬೇಡ" ಎಂದ ಬಾಮೈದ.

ಸಂಜೆ ಬಾಗಿಲು ತೆರೆದ ಹೆಂಡತಿ ಗಂಡನ ಮುಖ ನೋಡಿದಳು. "ಕಥೆ ವಾಪಸ್ ಬಂತು ತಾನೆ?"

"ಬಂತು. ಕಬ್ಬಿಣದ ಸದ್ದಿಗೆ ಯಾರು ಹೆದರ್ತಾರೆ ಅಂತ ಬರೆದಿದಾರೆ" ಎಂದ. ಹೇಳಬಹುದಾದ ನಿಜ ಒಂದಾದರೂ ಇದೆಯಲ್ಲ ಎಂದು ಸಮಾಧಾನವೂ ಆಯಿತು.

ವಾಪಸ್ ಬಂದ ಕಥೆಯನ್ನು ಅದೇ ಸಂಜೆ ಮನೆಯಲ್ಲಿ ಗಟ್ಟಿಯಾಗಿ ಓದಿಸುವುದು ಅವಳ ಪದ್ಧತಿ. ಯಾರಿಗೂ ಬೇಡವಾದದ್ದಕ್ಕೆ ಮನೆಯಲ್ಲಾದರೂ ಮರ್ಯಾದೆ ಸಿಗಲಿ ಎಂದು ಅವಳ ವಾದ. ಜೊತೆಗೆ ಬಂದಿದ್ದ ತಮ್ಮನನ್ನೂ ಊಟಕ್ಕೆ ನಿಲ್ಲಿಸಿಕೊಂಡಳು. ಒಗೆದ ಬಟ್ಟೆಯ ರಾಶಿ ಎಳೆದುಕೊಂಡು ಮಡಿಚುತ್ತ ಕೂತಳು.

"ಇವತ್ತು ಬೇಡ ಕಣೆ."

"ಸುಮ್ನೆ ಓದಿ ನೀವು. ಅವರು ಹೆದರದಿದ್ರೆ ಏನಂತೆ, ನಾನು ಹೆದರ್ತೀನಿ."

ಹಾಳೆಗಳನ್ನು ತಂದು ಓದಲು ಶುರು ಮಾಡಿದ. ಧ್ವನಿ ತನ್ನದಲ್ಲ ಎನಿಸಿತು. ಸತ್ತವನ ಸುದ್ದಿ ಬಂದಾಗ ಹೆಂಡತಿ ನಕ್ಕಳು. ಅವನಿಗೂ ಸಂಬಳ ಕೊಡ್ತಾರಾ ಎಂದು ಕೇಳಿದಳು. ಓದುತ್ತ ಓದುತ್ತ ಅವನು ಆ ಜಾಗಕ್ಕೆ ಬಂದ: ಕೆಳಗೆ ಒಂದು ಬಡಿತ, ಅದರ ಬೆನ್ನಿಗೇ ಇನ್ನೊಂದು, ಮೇಲಿದ್ದವನ ಕೈ ಸ್ವಿಚ್ಚಿನತ್ತ ಚಾಚಿತು.

ಅಲ್ಲಿಗೆ ನಿಲ್ಲಿಸಿದ.

"ಇದರಲ್ಲಿ ಹೆದರೋಕೆ ಏನಿದೆ?" ಎಂದಳು ಹೆಂಡತಿ, ಅಂಗಿಯೊಂದರ ತೋಳು ಸರಿಮಾಡುತ್ತ. "ಪಾಪ, ಸಂಪಾದಕರು ಸರಿಯಾಗೇ ಹೇಳಿದಾರೆ."

"ಅಕ್ಕ, ಸುಮ್ನಿರು" ಎಂದ ಬಾಮೈದ. ಅವನು ಯಾವಾಗಲೋ ಕುರ್ಚಿ ಬಿಟ್ಟು ನೆಲಕ್ಕಿಳಿದು ಅಕ್ಕನ ಮಗ್ಗುಲಿಗೆ ಬಂದು ಕೂತಿದ್ದ. "ಭಾವ, ಅವನು ಸ್ವಿಚ್ ಹಾಕ್ತಾನಾ?"

ಹಾಳೆಯಲ್ಲಿ ಅವನು ಹಾಕಿದ್ದ. ಮುಂದಿನ ಎರಡು ಪುಟ ಪೂರಾ ಅದೇ ಇತ್ತು.

"ಇಲ್ಲ" ಎಂದ ಅವನು. "ಹಾಕಲ್ಲ."

ಹಾಳೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದು, ಒಂದಕ್ಷರವನ್ನೂ ನೋಡದೆ, ಮೇಲಿದ್ದವನು ಕೈ ಹಿಂದಕ್ಕೆ ತೆಗೆದುಕೊಂಡು ಮೆಟ್ಟಿಲಿಳಿದು ಬರುವುದನ್ನು ಓದತೊಡಗಿದ.